ಸಿಇಟಿ ಸೀಟು ಹಂಚಿಕೆ: ರ‍್ಯಾಂಕ್ ಬಂದ ದಿನದಿಂದ ಕಾಲೇಜು ಸೇರುವವರೆಗಿನ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಸೀಟು ಹಂಚಿಕೆ ಮುಗಿದ ಮೇಲೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ‘ನನಗಿಂತ ಹಿಂದಿನ ರ‍್ಯಾಂಕಿನವರಿಗೆ ಆ ಕಾಲೇಜು ಸಿಕ್ಕಿತು, ನನಗೆ ಸಿಗಲಿಲ್ಲ’ ಎನ್ನುವವರು ಒಂದಷ್ಟು ಮಂದಿ. ‘ಎರಡನೇ ಸುತ್ತಿನಲ್ಲಿ ಬೇಡದ ಸೀಟು ಬಂತು, ಕೈಯಲ್ಲಿದ್ದದ್ದೂ ಹೋಯಿತು’ ಎನ್ನುವವರು ಇನ್ನೊಂದಷ್ಟು. ಶುಲ್ಕ ಕಟ್ಟಿಯೂ ಸೀಟು ಕಳೆದುಕೊಂಡವರೂ ಇರುತ್ತಾರೆ. ಇವುಗಳಲ್ಲಿ ರ‍್ಯಾಂಕ್ ಸಾಲದೆ ಆದ ನಷ್ಟ ಕಡಿಮೆ. ಆಪ್ಷನ್‌ಗಳನ್ನು, ಅಂದರೆ ಬೇಕಾದ ಕಾಲೇಜು ಮತ್ತು ಕೋರ್ಸ್‌ಗಳನ್ನು, ಜೋಡಿಸಿದ ಕ್ರಮ, ಫಲಿತಾಂಶದ ನಂತರ ಸಿಕ್ಕ ಸೀಟಿನ ಬಗ್ಗೆ ಆರಿಸಿದ ಚಾಯ್ಸ್ ಮತ್ತು ಕೈತಪ್ಪಿದ ಗಡುವು, ಈ ಮೂರರಲ್ಲಿ ಒಂದರಿಂದ ಆದದ್ದೇ ಹೆಚ್ಚು.

ಈ ಬರಹವು ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬರೆದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಎಂಜಿನಿಯರಿಂಗ್ ಸೀಟಿಗಾಗಿ ಕಾಯುತ್ತಿರುವ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಸಂಬಂಧಿಸಿದ್ದು. ಕೃಷಿ ವಿಜ್ಞಾನ, ಪಶುವೈದ್ಯಕೀಯ, ಬಿ.ಫಾರ್ಮಾ ಮುಂತಾದ ಕೋರ್ಸ್‌ಗಳಿಗೂ ಹಂಚಿಕೆಯ ತತ್ವ ಇದೇ ಆಗಿದ್ದರೂ ದಿನಾಂಕ, ಶುಲ್ಕ ಮತ್ತು ಕೆಲವು ಷರತ್ತುಗಳು ಬೇರೆಯಾಗಿರುತ್ತವೆ. ಯಾವುದೇ ಹಂತದಲ್ಲಿ ಇಲ್ಲಿ ಬರೆದದ್ದಕ್ಕೂ ಆ ಸುತ್ತಿನ ಕೆಇಎ ಪ್ರಕಟಣೆಗೂ ವ್ಯತ್ಯಾಸ ಕಂಡರೆ ಪ್ರಕಟಣೆಯನ್ನೇ ಪಾಲಿಸಬೇಕು.

## ಮೊದಲೇ ಸಿದ್ಧವಿರಬೇಕಾದ ಸಾಮಗ್ರಿ

ಅರ್ಜಿ ಹಾಕುವಾಗ ಕೊಟ್ಟ ಮೊಬೈಲ್ ಸಂಖ್ಯೆ ಕೊನೆಯವರೆಗೂ ಚಾಲ್ತಿಯಲ್ಲಿರಬೇಕು, ಏಕೆಂದರೆ ಒಟಿಪಿ ಬರುವುದು ಅದಕ್ಕೇ. ಸೈಬರ್ ಸೆಂಟರ್‌ನವರ ಸಂಖ್ಯೆಯನ್ನೋ ದೂರದ ಊರಿನಲ್ಲಿರುವ ಮಾವನ ಸಂಖ್ಯೆಯನ್ನೋ ಕೊಟ್ಟಿದ್ದರೆ ಅದನ್ನು ಸರಿಪಡಿಸಿಕೊಳ್ಳುವ ದಾರಿಯನ್ನು ಈಗಲೇ ಹುಡುಕಬೇಕು. ಚಾಯ್ಸ್ ಆರಿಸುವ ಕೊನೆಯ ದಿನ ಸಂಜೆ ಅದಕ್ಕೆ ಸಮಯ ಇರುವುದಿಲ್ಲ.

ಆಪ್ಷನ್ ದಾಖಲಿಸಲು ಮೊಬೈಲ್‌ಗಿಂತ ಕಂಪ್ಯೂಟರ್ ವಾಸಿ, ಏಕೆಂದರೆ ಕಾಲೇಜುಗಳ ಉದ್ದನೆಯ ಪಟ್ಟಿ ಚಿಕ್ಕ ಪರದೆಯಲ್ಲಿ ಒಟ್ಟಾಗಿ ಕಾಣುವುದಿಲ್ಲ. ಒಂದು ನೋಟ್‌ಬುಕ್, ಮುದ್ರಿತ ಪ್ರತಿಗಳನ್ನು ಇಡಲು ಒಂದು ಫೈಲ್, ಮತ್ತು ಶುಲ್ಕ ಕಟ್ಟಲು ಹಣವಿರುವ ಬ್ಯಾಂಕ್ ಖಾತೆ ಬೇಕು. ಆ ಖಾತೆಯ ದೈನಂದಿನ ವರ್ಗಾವಣೆ ಮಿತಿ ಎಷ್ಟೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಹಣವಿದ್ದೂ ಮಿತಿ ಸಾಲದೆ ಪಾವತಿ ಸಿಲುಕಿಕೊಳ್ಳುವುದು ಅಪರೂಪವೇನಲ್ಲ.

ಮೂಲ ದಾಖಲೆಗಳಲ್ಲಿ ಎಸ್ಎಸ್ಎಲ್‌ಸಿ ಮತ್ತು ದ್ವಿತೀಯ ಪಿಯು ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಮೀಸಲಾತಿ ಅಥವಾ ರಿಯಾಯಿತಿಯನ್ನು ಕೋರಿದ್ದರೆ (ಕ್ಲೇಮ್ ಮಾಡಿದ್ದರೆ) ಜಾತಿ ಮತ್ತು ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ, ಆಧಾರ್ ಇವುಗಳನ್ನು ಒಂದೆಡೆ ಸೇರಿಸಿ ಪ್ರತಿಯೊಂದಕ್ಕೂ ಮೂರು ಜೆರಾಕ್ಸ್ ಮತ್ತು ಸ್ಪಷ್ಟವಾದ ಸ್ಕ್ಯಾನ್ ಪ್ರತಿ ಮಾಡಿಟ್ಟುಕೊಳ್ಳಬೇಕು.

## ಹಂತ 1: ಕ್ಲೇಮ್‌ಗಳು ಸರಿಯಾಗಿ ದಾಖಲಾಗಿವೆಯೇ ಎಂದು ನೋಡುವುದು

ಎಂಜಿನಿಯರಿಂಗ್ ರ‍್ಯಾಂಕನ್ನು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತಗಳ ಪಿಯು ಅಂಕ ಹಾಗೂ ಸಿಇಟಿ ಅಂಕಗಳನ್ನು ಸಮಪ್ರಮಾಣದಲ್ಲಿ, ಅಂದರೆ ಶೇ 50ರಂತೆ ಸೇರಿಸಿ ನಿಗದಿ ಮಾಡಲಾಗುತ್ತದೆ. ರಾಜ್ಯ ಪಿಯು ವಿದ್ಯಾರ್ಥಿಗಳ ಅಂಕಗಳು ಇಲಾಖೆಯಿಂದ ಬರುತ್ತವೆ. ಸಿಬಿಎಸ್ಇ, ಐಎಸ್‌ಸಿ ಮುಂತಾದ ಮಂಡಳಿಗಳಲ್ಲಿ ಓದಿದವರು ತಮ್ಮ ಅಂಕಗಳನ್ನು ಪೋರ್ಟಲ್‌ನಲ್ಲಿ ತಾವೇ ದಾಖಲಿಸಬೇಕಾಗುತ್ತದೆ. ಇದನ್ನು ಮಾಡದವರಿಗೆ ಅಂಕಗಳಿದ್ದರೂ ರ‍್ಯಾಂಕ್ ಬರುವುದಿಲ್ಲ.

ರ‍್ಯಾಂಕ್ ಬಂದ ಕೂಡಲೇ ಕಾಲೇಜುಗಳ ಹೆಸರು ಹುಡುಕುವುದಕ್ಕೆ ಮೊದಲು ಪರಿಶೀಲನಾ ಪತ್ರವನ್ನು, ಅಂದರೆ ವೆರಿಫಿಕೇಶನ್ ಸ್ಲಿಪ್ಪನ್ನು, ಡೌನ್‌ಲೋಡ್ ಮಾಡಿ ಸಾಲುಸಾಲಾಗಿ ಓದಬೇಕು. ಅದರಲ್ಲಿ ನಿಮ್ಮ ಪ್ರವರ್ಗ, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ, ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಮತ್ತು ಎಸ್ಎನ್‌ಕ್ಯು (ಸೂಪರ್‌ನ್ಯೂಮರರಿ ಕೋಟಾ) ಅರ್ಹತೆಗಳು ಹೇಗೆ ನಮೂದಾಗಿವೆಯೋ ಹಂಚಿಕೆ ಅದರಂತೆಯೇ ನಡೆಯುತ್ತದೆ. ಪಟ್ಟಿಗಳಲ್ಲಿ ಕಾಣುವ 2ಎಜಿ, 2ಎಆರ್, 2ಎಕೆ ಎಂಬ ಸಂಕೇತಗಳಲ್ಲಿ ಕೊನೆಯ ಅಕ್ಷರ ಕ್ರಮವಾಗಿ ಆ ಪ್ರವರ್ಗದ ಸಾಮಾನ್ಯ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಸೀಟನ್ನು ಸೂಚಿಸುತ್ತದೆ.

ಸಾಮಾನ್ಯವಾಗಿ ತಪ್ಪುವುದು ಪ್ರಮಾಣಪತ್ರದ ನಮೂನೆಯಲ್ಲಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ನಮೂನೆ ಎಫ್ ಬೇಕು. ನಾಡಕಚೇರಿಯಲ್ಲಿ ಪಡೆದ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ನಮೂದಾದರೂ, ಅದರಲ್ಲಿರುವ ಹೆಸರು ಅರ್ಜಿಯ ಹೆಸರಿನೊಂದಿಗೆ ಹೊಂದದಿದ್ದರೂ, ಕ್ಲೇಮ್ ಊರ್ಜಿತವಾಗುವುದಿಲ್ಲ. ಆಗ ವಿದ್ಯಾರ್ಥಿಯನ್ನು ಸಾಮಾನ್ಯ ವರ್ಗದಲ್ಲಿ ಪರಿಗಣಿಸಲಾಗುತ್ತದೆ, ಅದು ಗೊತ್ತಾಗುವುದು ಹಂಚಿಕೆಯ ಫಲಿತಾಂಶ ನೋಡಿದ ಮೇಲೆ.

ಗ್ರಾಮೀಣ ಕೋಟಾಕ್ಕೆ 1ರಿಂದ 10ನೇ ತರಗತಿಯವರೆಗೆ ಪೂರ್ತಿ ಹತ್ತು ಶೈಕ್ಷಣಿಕ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಕನ್ನಡ ಮಾಧ್ಯಮ ಕೋಟಾಕ್ಕೂ ಅಷ್ಟೇ ವರ್ಷ ಕನ್ನಡದಲ್ಲಿ ಓದಿರಬೇಕು. ಶಾಲೆಯವರು ಬರೆದುಕೊಟ್ಟ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಆಗಿಲ್ಲದಿದ್ದರೆ ಅದನ್ನು ಮಾಡಿಸಿಕೊಳ್ಳಲು ಓಡಾಟ ತಪ್ಪದು, ಆದ್ದರಿಂದ ತಡಮಾಡಬಾರದು. 371(ಜೆ) ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಎಸ್ಎನ್‌ಕ್ಯು ಅಡಿಯಲ್ಲಿ ಬೋಧನಾ ಶುಲ್ಕದ ವಿನಾಯಿತಿ ಸಿಗುವುದರಿಂದ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರು ಅದನ್ನು ಕ್ಲೇಮ್ ಮಾಡಿದ್ದಾರೆಯೇ ಎಂದು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು.

ಎಚ್ಚರಿಕೆಯ ಸೂಚನೆ: ಸ್ಲಿಪ್ಪಿನಲ್ಲಿ ಯಾವುದಾದರೂ ಕ್ಲೇಮ್‌ನ ಎದುರು ‘ಇಲ್ಲ’ ಎಂದಿದ್ದು ನೀವು ‘ಹೌದು’ ಎಂದು ನಂಬಿದ್ದರೆ, ತಿದ್ದುಪಡಿಗೆ ಕೆಇಎ ಅವಕಾಶ ಕೊಟ್ಟಿರುವ ದಿನಗಳಲ್ಲೇ ಅದನ್ನು ಬಗೆಹರಿಸಿಕೊಳ್ಳಬೇಕು. ಸೀಟು ಹಂಚಿಕೆ ಶುರುವಾದ ಮೇಲೆ ಕೊಟ್ಟ ಮನವಿಗಳಿಗೆ ಬೆಲೆ ಸಿಗುವುದು ಕಷ್ಟ.

## ಹಂತ 2: ಕಟ್‌ಆಫ್ ಪಟ್ಟಿಯನ್ನು ಓದುವುದು

ಹಿಂದಿನ ವರ್ಷಗಳ ಕಟ್‌ಆಫ್ (ಸೀಟು ಸಿಕ್ಕ ಕೊನೆಯ) ರ‍್ಯಾಂಕ್‌ಗಳನ್ನು ಕೆಇಎ ತನ್ನ ಜಾಲತಾಣದಲ್ಲಿ ಕಾಲೇಜುವಾರು, ಕೋರ್ಸ್‌ವಾರು ಮತ್ತು ಪ್ರವರ್ಗವಾರು ಪ್ರಕಟಿಸುತ್ತದೆ. ಖಾಸಗಿ ಆ್ಯಪ್‌ಗಳು ತೋರಿಸುವ ‘ನಿಮಗೆ ಸಿಗಬಹುದಾದ ಕಾಲೇಜು’ಗಳ ಪಟ್ಟಿಗಿಂತ ಈ ಮೂಲ ಪಟ್ಟಿಯನ್ನು ನಂಬುವುದು ಲೇಸು.

ಇದನ್ನು ಓದುವಾಗ ಮೂರು ವಿಷಯಗಳನ್ನು ಗಮನಿಸಬೇಕು. ಅದು ಯಾವ ಸುತ್ತಿನ ಪಟ್ಟಿ ಎನ್ನುವುದು ಮೊದಲನೆಯದು, ಏಕೆಂದರೆ ಮೊದಲ ಸುತ್ತಿನಲ್ಲಿ 15,000ಕ್ಕೆ ನಿಂತ ಸೀಟು ಕೊನೆಯ ಸುತ್ತಿನ ಹೊತ್ತಿಗೆ ಇನ್ನೂ ಎಷ್ಟೋ ಸಾವಿರ ಕೆಳಗಿನ ರ‍್ಯಾಂಕಿಗೆ ಇಳಿದಿರಬಹುದು. ನಿಮ್ಮ ಪ್ರವರ್ಗದ ಕಾಲಮ್ಮನ್ನೇ ನೋಡುತ್ತಿದ್ದೀರೋ ಇಲ್ಲವೋ ಎನ್ನುವುದು ಎರಡನೆಯದು. ಆ ಕಾಲಮ್ಮಿನಲ್ಲಿ ಅಂಕಿಯ ಬದಲು ಗೆರೆ ಮಾತ್ರ ಇದ್ದರೆ ಆ ಸುತ್ತಿನಲ್ಲಿ ಆ ಪ್ರವರ್ಗದಲ್ಲಿ ಹಂಚಿಕೆ ಆಗಿಲ್ಲವೆಂದು ತಿಳಿಯಬೇಕು, ಸೀಟು ಸುಲಭವಾಗಿ ಸಿಗುತ್ತದೆ ಎಂದಲ್ಲ. ಒಂದು ವರ್ಷದ ಅಂಕಿಯನ್ನು ಗಟ್ಟಿ ಎಂದು ಹಿಡಿಯಬಾರದು ಎನ್ನುವುದು ಮೂರನೆಯದು. ಸೀಟುಗಳ ಸಂಖ್ಯೆ ಬದಲಾಗುತ್ತದೆ, ಹೊಸ ಕೋರ್ಸ್‌ಗಳು ಬರುತ್ತವೆ, ಒಂದು ವರ್ಷ ಬೇಡಿಕೆಯಲ್ಲಿದ್ದ ಶಾಖೆ ಮರುವರ್ಷ ಇಳಿಯುತ್ತದೆ. ಕನಿಷ್ಠ ಎರಡು ವರ್ಷಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡರೆ ಅಂದಾಜು ಸಿಗುತ್ತದೆ.

ಕಟ್‌ಆಫ್ ಪಟ್ಟಿಯನ್ನು ಯಾವ ಕಾಲೇಜು ಎಟಕುವ ಅಂತರದಲ್ಲಿದೆ ಎಂದು ತಿಳಿಯುವುದಕ್ಕೆ ಮಾತ್ರ ಬಳಸಬೇಕು. ಆಪ್ಷನ್‌ಗಳ ಕ್ರಮವನ್ನು ಅದರಿಂದ ನಿರ್ಧರಿಸಬಾರದು. ಏಕೆ ಎಂಬುದು ಮುಂದಿನ ಹಂತದಲ್ಲಿದೆ.

## ಹಂತ 3: ಆಪ್ಷನ್ ಪಟ್ಟಿಯನ್ನು ಕಾಗದದ ಮೇಲೆ ಸಿದ್ಧಪಡಿಸುವುದು

ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಹಂಚಿಕೆ ಹೇಗೆ ನಡೆಯುತ್ತದೆ ಎಂಬುದು ಮನಸ್ಸಿಗೆ ಸ್ಪಷ್ಟವಾದರೆ ಮುಕ್ಕಾಲು ಪಾಲು ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

ಗಣಕಯಂತ್ರವು ವಿದ್ಯಾರ್ಥಿಗಳನ್ನು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರಾಗಿ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೊದಲ ಆಪ್ಷನ್ನಿನಲ್ಲಿ ಸೀಟು ಉಳಿದಿದೆಯೇ ಎಂದು ನೋಡುತ್ತದೆ. ಅರ್ಹತೆ ಇದ್ದಲ್ಲಿ ಸಾಮಾನ್ಯ ವರ್ಗದ ಸೀಟು, ಮೀಸಲು ಸೀಟು ಎರಡನ್ನೂ ಪರಿಗಣಿಸುತ್ತದೆ. ಇದ್ದರೆ ಅದನ್ನೇ ಕೊಟ್ಟು ಅಲ್ಲಿಗೇ ನಿಲ್ಲುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ಎರಡನೆಯದನ್ನು ನೋಡುವಾಗಲೂ ನಿಮ್ಮ ರ‍್ಯಾಂಕ್ ಹಾಗೆಯೇ ಇರುತ್ತದೆ. ಮೊದಲ ಆಪ್ಷನ್ ಸಿಗಲಿಲ್ಲ ಎಂಬ ಕಾರಣಕ್ಕೆ ಯಾರೂ ಸರದಿಯಲ್ಲಿ ಹಿಂದಕ್ಕೆ ಹೋಗುವುದಿಲ್ಲ.

ಒಂದು ಉದಾಹರಣೆ ನೋಡೋಣ. 21,500ನೇ ರ‍್ಯಾಂಕಿನ ವಿದ್ಯಾರ್ಥಿನಿಗೆ ನಗರದ ಹೆಸರಾಂತ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಶಾಖೆಯ ಆಸೆ ಇದೆ, ಆದರೆ ಹಿಂದಿನ ವರ್ಷ ಅದು 14,000ದ ಆಸುಪಾಸಿನಲ್ಲೇ ಮುಗಿದಿತ್ತು. ತನ್ನ ಜಿಲ್ಲೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್ 26,000ದವರೆಗೆ ಹೋಗಿತ್ತು. ಸುತ್ತಲಿನವರು ‘ಸಿಗದ್ದನ್ನು ಮೇಲೆ ಹಾಕಿ ಆಪ್ಷನ್ ಹಾಳು ಮಾಡಿಕೊಳ್ಳಬೇಡ’ ಎಂದು ಹೇಳಿದರೆ ಅವಳು ಕೇಳಬೇಕಾಗಿಲ್ಲ. ಹೆಸರಾಂತ ಕಾಲೇಜನ್ನು ಮೊದಲನೆಯದಾಗಿ, ಜಿಲ್ಲೆಯ ಕಾಲೇಜನ್ನು ಎರಡನೆಯದಾಗಿ ಇಟ್ಟರೆ, ಮೊದಲನೆಯದು ಸಿಗದಿದ್ದರೂ ಎರಡನೆಯದರ ಸಾಧ್ಯತೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಇದನ್ನೇ ತಿರುಗಿಸಿ, ‘ಖಚಿತವಾಗಿ ಸಿಗುವುದು’ ಎಂದು ಜಿಲ್ಲೆಯ ಕಾಲೇಜನ್ನು ಮೇಲಿಟ್ಟರೆ, ಈ ವರ್ಷ ಅದೃಷ್ಟವಶಾತ್ ಹೆಸರಾಂತ ಕಾಲೇಜಿನಲ್ಲಿ ಸೀಟು ಉಳಿದಿದ್ದರೂ ಯಂತ್ರ ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ಹಿಂದಿನ ರ‍್ಯಾಂಕಿನವರಿಗೆ ಸೀಟು ಸಿಕ್ಕಿ ತಮಗೆ ಸಿಗಲಿಲ್ಲ ಎಂದು ಕೊರಗುವ ಅನೇಕರ ಪಟ್ಟಿಯನ್ನು ತೆರೆದು ನೋಡಿದರೆ ಕಾರಣ ಇಲ್ಲೇ ಕಾಣುತ್ತದೆ.

ಆದ್ದರಿಂದ ನಿಯಮ ಒಂದೇ: ಎರಡು ಸೀಟುಗಳೂ ಒಟ್ಟಿಗೆ ಕೈಗೆ ಬಂದರೆ ಯಾವುದನ್ನು ಆರಿಸುವಿರೋ ಅದು ಮೇಲಿರಬೇಕು. ಪಟ್ಟಿಯ ಅಕ್ಕಪಕ್ಕದ ಪ್ರತಿ ಜೋಡಿಗೂ ಈ ಪ್ರಶ್ನೆಯನ್ನು ಕೇಳುತ್ತ ಮೇಲಿನಿಂದ ಕೆಳಗೆ ಬರಬೇಕು. ಕಾಲೇಜು ಮುಖ್ಯವೋ ಶಾಖೆ ಮುಖ್ಯವೋ ಎಂಬ ಮನೆಯ ವಾದವೂ ಈ ಹಂತದಲ್ಲೇ ಮುಗಿಯಬೇಕು. ಅದು ಚಾಯ್ಸ್ ಆರಿಸುವ ದಿನದವರೆಗೆ ಎಳೆದರೆ ಅವಸರದ ತೀರ್ಮಾನವಾಗುತ್ತದೆ.

ಪಟ್ಟಿಯ ಉದ್ದದ ಬಗ್ಗೆ ಜಿಪುಣತನ ಬೇಡ. ಹತ್ತು ಹನ್ನೆರಡು ಆಪ್ಷನ್ ಹಾಕಿ ಕೈಕಟ್ಟಿ ಕುಳಿತವರಿಗೆ ಮೊದಲ ಸುತ್ತಿನಲ್ಲಿ ಯಾವ ಸೀಟೂ ಸಿಗದಿರುವುದು ಸಾಮಾನ್ಯ, ಮುಂದಿನ ಸುತ್ತುಗಳಲ್ಲಿ ಹೊಸ ಆಪ್ಷನ್ ಸೇರಿಸಲು ಅವಕಾಶ ಇದ್ದೇ ಇರುತ್ತದೆ ಎಂದು ಹೇಳಲಾಗದು. ಆದರೆ ಸೀಟು ಬಂದರೂ ಸೇರಲಾರೆ ಎನ್ನುವ ಕಾಲೇಜನ್ನು ಪಟ್ಟಿ ಉದ್ದವಾಗಲೆಂದು ಸೇರಿಸಲೇಬಾರದು. ಹಾಸ್ಟೆಲ್ ಇಲ್ಲದ ಕಾಲೇಜಿಗೆ ಮನೆಯಿಂದ ದಿನವೂ ಹೋಗಿಬರಲು ಬಸ್ಸು ಇದೆಯೇ, ಶುಲ್ಕ ನಾಲ್ಕು ವರ್ಷ ಕಟ್ಟಲು ಆಗುತ್ತದೆಯೇ ಎಂಬುದನ್ನು ಈಗಲೇ ವಿಚಾರಿಸಿ ಪ್ರತಿ ಆಪ್ಷನ್ನಿನ ಎದುರು ಬರೆದಿಡಬೇಕು.

ಶುಲ್ಕದ ವಿಷಯದಲ್ಲಿ ಒಂದು ಬಲೆ ಇದೆ. ಕೆಲವು ಹಳೆಯ ಕಾಲೇಜುಗಳಲ್ಲಿ ಅನುದಾನಿತ ಮತ್ತು ಅನುದಾನರಹಿತ ವಿಭಾಗಗಳೆರಡೂ ಇದ್ದು, ಕೆಇಎ ಪಟ್ಟಿಯಲ್ಲಿ ಅವಕ್ಕೆ ಬೇರೆ ಬೇರೆ ಕೋಡ್‌ಗಳಿರುತ್ತವೆ. ಕಾಲೇಜಿನ ಹೆಸರು ಒಂದೇ, ಕಟ್ಟಡವೂ ಒಂದೇ, ಶುಲ್ಕ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಖಾಸಗಿ ವಿಶ್ವವಿದ್ಯಾಲಯಗಳ ಸರ್ಕಾರಿ ಕೋಟಾದ ಸೀಟುಗಳ ಶುಲ್ಕವೂ ಸಾಮಾನ್ಯ ಖಾಸಗಿ ಕಾಲೇಜುಗಳ ಶುಲ್ಕಕ್ಕಿಂತ ಬೇರೆಯಾಗಿರುತ್ತದೆ. ಹೆಸರನ್ನಷ್ಟೇ ನೋಡದೆ ಕೋಡ್ ಮತ್ತು ಅದರ ಎದುರಿನ ಶುಲ್ಕವನ್ನು ಒಟ್ಟಿಗೆ ಬರೆದುಕೊಳ್ಳಬೇಕು.

## ಹಂತ 4: ಪೋರ್ಟಲ್‌ನಲ್ಲಿ ದಾಖಲಿಸುವುದು

ಕಾಗದದ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಲಾಗಿನ್ ಆಗಬೇಕು. ಒಬ್ಬರು ಓದಿ ಹೇಳುತ್ತ, ಇನ್ನೊಬ್ಬರು ದಾಖಲಿಸುತ್ತ ಹೋದರೆ ತಪ್ಪು ಕಡಿಮೆಯಾಗುತ್ತದೆ. ಕೋರ್ಸ್‌ಗಳ ಎರಡಕ್ಷರದ ಸಂಕೇತಗಳಲ್ಲಿ ಸಿಎಸ್ ಎಂದರೆ ಕಂಪ್ಯೂಟರ್ ಸೈನ್ಸ್, ಸಿಇ ಎಂದರೆ ಸಿವಿಲ್. ಅವಸರದಲ್ಲಿ ಕಂಪ್ಯೂಟರ್ ಎಂದುಕೊಂಡು ಸಿವಿಲ್ ಶಾಖೆಗೆ ಆದ್ಯತೆ ಕೊಟ್ಟರೆ ಯಂತ್ರ ಅದನ್ನು ನಿಮ್ಮ ಇಚ್ಛೆ ಎಂದೇ ತಿಳಿಯುತ್ತದೆ.

ಮುಗಿದ ಮೇಲೆ ಉಳಿಸಿ, ಹೊರಬಂದು, ಮತ್ತೆ ಲಾಗಿನ್ ಆಗಿ ಪಟ್ಟಿ ಹಾಗೆಯೇ ಇದೆಯೇ ಎಂದು ನೋಡಿ, ಅದರ ಮುದ್ರಿತ ಪ್ರತಿಯನ್ನು ಫೈಲಿಗೆ ಸೇರಿಸಬೇಕು. ಆ ಪ್ರತಿಯನ್ನು ಕಾಗದದ ಮೂಲ ಪಟ್ಟಿಯೊಂದಿಗೆ ಮರುದಿನ ಬೆಳಿಗ್ಗೆ, ನಿದ್ದೆ ಮಾಡಿ ಎದ್ದ ಮೇಲೆ ಹೋಲಿಸಿ ನೋಡುವುದು ಉತ್ತಮ.

ಲಾಗಿನ್ ವಿವರಗಳನ್ನು ಯಾರಿಗೂ ಕೊಡಬಾರದು. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೆ ಲಾಗೌಟ್ ಆಗುವುದನ್ನು ಕಣ್ಣಾರೆ ನೋಡಿ, ಮನೆಗೆ ಬಂದ ಕೂಡಲೇ ಪಾಸ್‌ವರ್ಡ್ ಬದಲಿಸಬೇಕು. 2024ರ ನವೆಂಬರ್‌ನಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಬಗ್ಗೆ ಕೆಇಎ ಕೊಟ್ಟ ದೂರಿನ ಮೇಲೆ ಬೆಂಗಳೂರಿನ ಮಲ್ಲೇಶ್ವರಂ ಪೊಲೀಸರು ಪ್ರಕರಣ ದಾಖಲಿಸಿದರು. ವಿದ್ಯಾರ್ಥಿಗಳ ಲಾಗಿನ್ ವಿವರಗಳನ್ನು ಬಳಸಿಕೊಂಡು ಆಪ್ಷನ್ ದಾಖಲಿಸಿ ಸೀಟುಗಳನ್ನು ತಡೆಹಿಡಿಯುತ್ತಿದ್ದರು ಎಂಬ ಆರೋಪದ ಮೇಲೆ ಹಲವರ ಬಂಧನವಾಯಿತು.

## ಹಂತ 5: ಅಣಕು ಹಂಚಿಕೆಯನ್ನು ಬಳಸಿಕೊಳ್ಳುವುದು

ನಿಜವಾದ ಹಂಚಿಕೆಗೆ ಮೊದಲು ಕೆಇಎ ಅಣಕು ಸೀಟು ಹಂಚಿಕೆಯ ಫಲಿತಾಂಶ ಪ್ರಕಟಿಸುತ್ತದೆ. ಅದರಲ್ಲಿ ಬಂದ ಸೀಟು ನಿಮ್ಮದಲ್ಲ. ಅದಕ್ಕೆ ಶುಲ್ಕ ಕಟ್ಟುವಂತಿಲ್ಲ, ಕಾಲೇಜಿಗೆ ಹೋಗಿ ವಿಚಾರಿಸುವುದೂ ವ್ಯರ್ಥ. ಅಂದಿನವರೆಗೆ ದಾಖಲಾದ ಆಪ್ಷನ್‌ಗಳ ಮೇಲೆ ಹಂಚಿಕೆ ಮಾಡಿದರೆ ನೀವು ಎಲ್ಲಿ ನಿಲ್ಲುತ್ತೀರಿ ಎಂಬ ಅಂದಾಜು ಮಾತ್ರ ಅದು.

ಅಣಕಿನ ನಂತರ ಪಟ್ಟಿಯನ್ನು ತಿದ್ದಲು, ಸೇರಿಸಲು, ಅಳಿಸಲು ಕೆಲವು ದಿನ ಕೊಡಲಾಗುತ್ತದೆ. ಯಾವ ಸೀಟೂ ಬರದಿದ್ದರೆ ಪಟ್ಟಿಯ ತಳಭಾಗಕ್ಕೆ ಇನ್ನಷ್ಟು ಆಪ್ಷನ್ ಸೇರಿಸಬೇಕು. ಮೀಸಲಾತಿ ಇದ್ದೂ ಸಾಮಾನ್ಯ ವರ್ಗದವರಂತೆ ಪರಿಗಣಿಸಿರುವಂತೆ ಕಂಡರೆ ಮತ್ತೆ ಹಂತ 1ಕ್ಕೆ ಹೋಗಿ ಕ್ಲೇಮ್‌ಗಳನ್ನು ಪರಿಶೀಲಿಸಬೇಕು. ಒಳ್ಳೆಯ ಸೀಟು ಬಂತೆಂದು ಅದರ ಕೆಳಗಿನ ಆಪ್ಷನ್‌ಗಳನ್ನೆಲ್ಲ ಅಳಿಸುವುದು ಈ ಹಂತದ ದೊಡ್ಡ ತಪ್ಪು. ನಿಮ್ಮಂತೆಯೇ ಸಾವಿರಾರು ಮಂದಿ ಪಟ್ಟಿ ತಿದ್ದುತ್ತಿರುತ್ತಾರೆ, ಅಣಕಿನಲ್ಲಿ ಬಂದದ್ದು ಮೊದಲ ಸುತ್ತಿನಲ್ಲಿ ಬಾರದೆಯೂ ಇರಬಹುದು.

## ಹಂತ 6: ಮೊದಲ ಸುತ್ತಿನ ಫಲಿತಾಂಶ ಮತ್ತು ನಾಲ್ಕು ಚಾಯ್ಸ್‌ಗಳು

ಫಲಿತಾಂಶ ಪ್ರಕಟವಾದ ಮೊದಲ ಗಂಟೆಗಳಲ್ಲಿ ಜಾಲತಾಣ ನಿಧಾನವಾಗುವುದು ಸಹಜ. ಚಾಯ್ಸ್ ಆರಿಸಲು ದಿನಗಳ ಅವಕಾಶ ಇರುವುದರಿಂದ ಗಾಬರಿಯಿಂದ ಮತ್ತೆ ಮತ್ತೆ ಒತ್ತುವ ಅಗತ್ಯವಿಲ್ಲ. ಸಂಜೆಯ ಹೊತ್ತಿಗೆ ನೋಡಿದರೂ ಏನೂ ಕಳೆದುಹೋಗುವುದಿಲ್ಲ. ಸೀಟು ಸಿಗದವರು ಈ ಹಂತದಲ್ಲಿ ಮಾಡಬೇಕಾದದ್ದೇನೂ ಇಲ್ಲ, ಅವರು ಮುಂದಿನ ಸುತ್ತಿಗೆ ಅರ್ಹರಾಗಿಯೇ ಇರುತ್ತಾರೆ. ಸೀಟು ಸಿಕ್ಕವರು ನಾಲ್ಕರಲ್ಲಿ ಒಂದನ್ನು ಆರಿಸಲೇಬೇಕು. ಏನನ್ನೂ ಆರಿಸದೆ ಗಡುವು ಕಳೆದರೆ ಸೀಟು ರದ್ದಾಗುತ್ತದೆ.

ಚಾಯ್ಸ್ 1: ಸೀಟು ಒಪ್ಪಿಗೆಯಾಗಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಮುಂದಿನ ಸುತ್ತುಗಳಲ್ಲಿ ಭಾಗವಹಿಸುವಂತಿಲ್ಲ.

ಚಾಯ್ಸ್ 2: ಸೀಟು ಸದ್ಯಕ್ಕೆ ಇರಲಿ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಬೇಕು.

ಚಾಯ್ಸ್ 3: ಈ ಸೀಟು ಬೇಡ, ಮುಂದಿನ ಸುತ್ತಿನಲ್ಲಿ ನನ್ನನ್ನು ಪರಿಗಣಿಸಿ.

ಚಾಯ್ಸ್ 4: ಈ ಸೀಟೂ ಬೇಡ, ಮುಂದಿನ ಸುತ್ತುಗಳೂ ಬೇಡ.

ಮೊದಲನೆಯದು ಮತ್ತು ನಾಲ್ಕನೆಯದರಲ್ಲಿ ಗೊಂದಲವಿಲ್ಲ. ತೊಂದರೆಯೆಲ್ಲ ನಡುವಿನ ಎರಡರಲ್ಲಿ.

ಚಾಯ್ಸ್ 2 ಆರಿಸಿದಾಗ ನಿಮಗೆ ಸಿಕ್ಕ ಸೀಟಿಗಿಂತ ಕೆಳಗಿರುವ ಆಪ್ಷನ್‌ಗಳೆಲ್ಲ ಅಳಿದುಹೋಗುತ್ತವೆ, ಮೇಲಿನವು ಮಾತ್ರ ಉಳಿಯುತ್ತವೆ. ಎರಡನೇ ಸುತ್ತಿನಲ್ಲಿ ಮೇಲಿನದೊಂದು ಸಿಕ್ಕರೆ ಹಳೆಯ ಸೀಟು ಆ ಕ್ಷಣವೇ ರದ್ದಾಗಿ ಬೇರೊಬ್ಬರಿಗೆ ಹೋಗುತ್ತದೆ. ‘ಹೊಸದು ಇಷ್ಟವಾಗಲಿಲ್ಲ, ಹಳೆಯದನ್ನೇ ಕೊಡಿ’ ಎಂದು ಕೇಳಲು ದಾರಿಯಿಲ್ಲ. ಮೇಲಿನದು ಸಿಗದಿದ್ದರೆ ಹಳೆಯದು ನಿಮ್ಮದಾಗಿಯೇ ಉಳಿಯುತ್ತದೆ. ಆದ್ದರಿಂದ ಚಾಯ್ಸ್ 2 ಒತ್ತುವ ಮೊದಲು ಸಿಕ್ಕ ಸೀಟಿಗಿಂತ ಮೇಲಿರುವ ಪ್ರತಿ ಆಪ್ಷನ್ನನ್ನೂ ಬೆರಳಿಟ್ಟು ಓದಿ, ‘ಇದು ಬಂದರೆ ಈಗಿನದನ್ನು ಬಿಟ್ಟು ಹೋಗುತ್ತೇನೆಯೇ?’ ಎಂದು ಕೇಳಿಕೊಳ್ಳಬೇಕು. ಇಲ್ಲ ಎನ್ನುವ ಉತ್ತರ ಬಂದ ಆಪ್ಷನ್ನನ್ನು, ಎರಡನೇ ಸುತ್ತಿಗೆ ಮೊದಲು ತಿದ್ದಲು ಕೊಡುವ ಅವಧಿಯಲ್ಲಿ ಅಳಿಸಬೇಕು. ಈ ಅವಧಿಯಲ್ಲಿ ಕ್ರಮ ಬದಲಿಸಬಹುದು, ಅಳಿಸಬಹುದು, ಆದರೆ ಹೊಸದನ್ನು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಚಾಯ್ಸ್ 2 ಆರಿಸಿದವರು ಶುಲ್ಕವನ್ನು ಯಾವಾಗ ಕಟ್ಟಬೇಕು ಎಂಬುದು ಆ ಸುತ್ತಿನ ಪ್ರಕಟಣೆಯಲ್ಲಿರುತ್ತದೆ. ಹಿಂದಿನ ವರ್ಷ ಸೇರಿದ ಅಣ್ಣನೋ ಅಕ್ಕನೋ ಹೇಳಿದ್ದನ್ನು ನಂಬಿ ಪಾವತಿಯನ್ನು ಮುಂದೂಡಬಾರದು.

ಚಾಯ್ಸ್ 3 ಅತ್ಯಂತ ಅಪಾಯದ್ದು. ಸಿಕ್ಕ ಸೀಟನ್ನು ಕೈಯಾರೆ ಬಿಟ್ಟುಕೊಟ್ಟು ಏನೂ ಇಲ್ಲದೆ ಮುಂದಿನ ಸುತ್ತಿಗೆ ಹೋಗುವುದು ಇದರ ಅರ್ಥ. ಸಿಕ್ಕ ಸೀಟಿಗೆ ಯಾವ ಕಾರಣಕ್ಕೂ ಸೇರಲಾರೆ ಎನ್ನುವವರಿಗೆ, ಅದೂ ಬೇರೆಡೆ ಒಂದು ಸೀಟು ಭದ್ರವಾಗಿರುವವರಿಗೆ ಮಾತ್ರ ಇದು ಸರಿ. ‘ಎರಡನೇ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಬಂದೇ ಬರುತ್ತದೆ’ ಎಂಬ ಭರವಸೆಗೆ ಚಾಯ್ಸ್ 2 ಇರುವಾಗ ಚಾಯ್ಸ್ 3 ಆರಿಸಲು ಕಾರಣ ಕಾಣೆ.

ಸೀಟು ಸಿಕ್ಕಿದ್ದು ಮೊದಲ ಆಪ್ಷನ್ನೇ ಆಗಿದ್ದರೆ ಚಾಯ್ಸ್ 2ಕ್ಕೆ ಅರ್ಥವೇ ಇಲ್ಲ, ಅದಕ್ಕಿಂತ ಮೇಲೆ ಏನೂ ಇಲ್ಲವಲ್ಲ. ಆದರೂ ‘ಎಲ್ಲರೂ 2 ಆರಿಸುತ್ತಿದ್ದಾರೆ’ ಎಂದು ಆರಿಸುವವರಿದ್ದಾರೆ.

## ಹಂತ 7: ಶುಲ್ಕ, ಪ್ರವೇಶ ಆದೇಶ, ಕಾಲೇಜಿಗೆ ಹಾಜರಿ

ಈ ಮೂರೂ ಬೇರೆ ಬೇರೆ ಕೆಲಸಗಳು, ಮೂರೂ ಮುಗಿದರೆ ಮಾತ್ರ ಸೀಟು ಉಳಿಯುತ್ತದೆ. ಶುಲ್ಕವನ್ನು ಕೆಇಎಗೆ ಕಟ್ಟಬೇಕು, ನಂತರ ಪೋರ್ಟಲ್‌ನಿಂದ ಪ್ರವೇಶ ಆದೇಶವನ್ನು ಡೌನ್‌ಲೋಡ್ ಮಾಡಬೇಕು, ಅದರೊಂದಿಗೆ ಮೂಲ ದಾಖಲೆಗಳನ್ನು ಹಿಡಿದು ನಿಗದಿತ ದಿನದೊಳಗೆ ಕಾಲೇಜಿಗೆ ಹೋಗಿ ಹಾಜರಾಗಬೇಕು. ಶುಲ್ಕ ಕಟ್ಟಿದ ಸಮಾಧಾನದಲ್ಲಿ ಊರಿನ ಜಾತ್ರೆಯೋ ಮದುವೆಯೋ ಮುಗಿಸಿ ಹೋದರಾಯಿತೆಂದು ಗಡುವು ಕಳೆದವರಿಗೆ ಸೀಟೂ ಇಲ್ಲ, ಕಟ್ಟಿದ ಹಣಕ್ಕಾಗಿ ಅಲೆದಾಟವೂ ತಪ್ಪಿದ್ದಲ್ಲ.

ಪಾವತಿಯನ್ನು ಕೊನೆಯ ದಿನಕ್ಕೆ ಬಿಡಬಾರದು. ಖಾತೆಯಿಂದ ಹಣ ಕಡಿತವಾಗಿ ಪೋರ್ಟಲ್‌ನಲ್ಲಿ ‘ಬಾಕಿ’ ಎಂದೇ ತೋರಿಸಿದರೆ ತಕ್ಷಣ ಎರಡನೇ ಸಲ ಕಟ್ಟದೆ, ಸ್ವಲ್ಪ ಹೊತ್ತು ಬಿಟ್ಟು ಸ್ಥಿತಿ ನೋಡಿ, ವಹಿವಾಟಿನ ಸಂಖ್ಯೆಯೊಂದಿಗೆ ಕೆಇಎ ಸಹಾಯವಾಣಿಯನ್ನು ಸಂಪರ್ಕಿಸಬೇಕು. ಇದಕ್ಕೆ ಕನಿಷ್ಠ ಒಂದು ದಿನದ ಅವಕಾಶ ಕೈಯಲ್ಲಿರಬೇಕು.

ಕಾಲೇಜಿನಲ್ಲಿ ಪ್ರವೇಶ ಆದೇಶದಲ್ಲಿರುವ ಶುಲ್ಕದ ಹೊರತಾಗಿ ಬೇರೆ ಬೇರೆ ಹೆಸರಿನಲ್ಲಿ ಹಣ ಕೇಳಿದರೆ ಪ್ರತಿಯೊಂದಕ್ಕೂ ಮುದ್ರಿತ ರಸೀದಿ ಕೇಳಬೇಕು. ರಸೀದಿ ಕೊಡಲು ಹಿಂದೇಟು ಹಾಕುವ ಹಣದ ಬಗ್ಗೆ ಅನುಮಾನ ಇರಲಿ. ದಾಖಲೆಗಳನ್ನು ಒಪ್ಪಿಸುವಾಗ ಯಾವ ಯಾವ ಮೂಲ ಪ್ರತಿಗಳನ್ನು ಪಡೆದರು ಎಂಬುದಕ್ಕೆ ಸ್ವೀಕೃತಿ ಪತ್ರ ಪಡೆಯಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ ಎಂದು ಉನ್ನತ ಶಿಕ್ಷಣದ ನಿಯಂತ್ರಣ ಸಂಸ್ಥೆಗಳಾದ ಯುಜಿಸಿ ಮತ್ತು ಎಐಸಿಟಿಇ ಎರಡೂ ಹೇಳಿವೆ.

## ಹಂತ 8: ಕಾಮೆಡ್‌ಕೆ, ಜೋಸಾ ಜೊತೆಜೊತೆಗೆ ನಡೆದಾಗ

ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆದವರಿಗೆ ಸಿಇಟಿ, ಕಾಮೆಡ್‌ಕೆ, ಜೋಸಾ ಮೂರರ ದಿನಾಂಕಗಳು ಒಂದರ ಮೇಲೊಂದು ಬರುತ್ತವೆ. ಪದಗಳು ಬೇರೆ, ತತ್ವ ಬಹುಮಟ್ಟಿಗೆ ಒಂದೇ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಸೀಟುಗಳನ್ನು ಹಂಚುವ ಕಾಮೆಡ್‌ಕೆಯಲ್ಲಿ ‘ಆ್ಯಕ್ಸೆಪ್ಟ್ ಆ್ಯಂಡ್ ಫ್ರೀಜ್’ ಎಂದರೆ ಸಿಇಟಿಯ ಚಾಯ್ಸ್ 1ರಂತೆ, ‘ಆ್ಯಕ್ಸೆಪ್ಟ್ ಆ್ಯಂಡ್ ಅಪ್‌ಗ್ರೇಡ್’ ಎಂದರೆ ಚಾಯ್ಸ್ 2ರಂತೆ, ‘ರಿಜೆಕ್ಟ್ ಆ್ಯಂಡ್ ಅಪ್‌ಗ್ರೇಡ್’ ಮತ್ತು ‘ರಿಜೆಕ್ಟ್ ಆ್ಯಂಡ್ ವಿತ್‌ಡ್ರಾ’ ಉಳಿದೆರಡರಂತೆ. ಐಐಟಿ, ಎನ್ಐಟಿ ಸೀಟುಗಳನ್ನು ಹಂಚುವ ಜೋಸಾದಲ್ಲಿ ಫ್ರೀಜ್, ಫ್ಲೋಟ್, ಸ್ಲೈಡ್ ಎಂಬ ಮೂರು ಆಯ್ಕೆಗಳಿವೆ. ಫ್ರೀಜ್ ಚಾಯ್ಸ್ 1ರಂತೆ, ಫ್ಲೋಟ್ ಚಾಯ್ಸ್ 2ರಂತೆ. ಸ್ಲೈಡ್ ಎಂದರೆ ಸಂಸ್ಥೆ ಅದೇ ಇರಲಿ, ಮೇಲಿನ ಶಾಖೆ ಸಿಕ್ಕರೆ ಕೊಡಿ ಎಂದು. ಸ್ಲೈಡ್‌ಗೆ ಸರಿಸಮನಾದುದು ಸಿಇಟಿಯಲ್ಲಿ ಇಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಬಣ್ಣದ ಪೆನ್ನುಗಳಿಂದ ಮೂರರ ಗಡುವುಗಳನ್ನೂ ಗುರುತು ಹಾಕಬೇಕು. ಫಲಿತಾಂಶದ ದಿನಕ್ಕಿಂತ ಶುಲ್ಕ ಕಟ್ಟುವ ಕೊನೆಯ ದಿನ ಮತ್ತು ಸೀಟು ರದ್ದುಪಡಿಸಿದರೆ ಹಣ ಹಿಂದಿರುಗುವ ಕೊನೆಯ ದಿನ ಮುಖ್ಯ. ಎಐಸಿಟಿಇ ನಿಯಮದ ಪ್ರಕಾರ ಕೋರ್ಸ್ ಆರಂಭವಾಗುವ ಮೊದಲು ಹಿಂದೆ ಸರಿದವರಿಗೆ ಸಂಸ್ಕರಣಾ ಶುಲ್ಕವೆಂದು 1,000 ರೂಪಾಯಿಗಿಂತ ಹೆಚ್ಚು ಕಡಿತ ಮಾಡದೆ ಉಳಿದದ್ದನ್ನು ಮರಳಿಸಬೇಕು. ಆದರೆ ಹಂಚಿಕೆಯ ಕೊನೆಯ ಸುತ್ತು ಮುಗಿದ ಮೇಲೆ ಸೀಟು ಬಿಟ್ಟರೆ ಷರತ್ತುಗಳು ಬಿಗಿಯಾಗುತ್ತವೆ. ರದ್ದತಿಯನ್ನು ಬಾಯಿಮಾತಿನಲ್ಲಿ ತಿಳಿಸದೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು.

## ದಲ್ಲಾಳಿಗಳನ್ನು ಗುರುತಿಸುವುದು

ರ‍್ಯಾಂಕ್ ಪ್ರಕಟವಾದ ವಾರದಿಂದಲೇ ಅಪರಿಚಿತ ಕರೆಗಳು ಶುರುವಾಗುತ್ತವೆ. ‘ಕೆಇಎ ಒಳಗೆ ನಮ್ಮವರಿದ್ದಾರೆ’, ‘ಇವತ್ತು ಸಂಜೆಯೊಳಗೆ ಮುಂಗಡ ಕೊಡದಿದ್ದರೆ ಸೀಟು ಹೋಗುತ್ತದೆ’, ‘ಆಪ್ಷನ್ ನಾವೇ ಹಾಕಿಕೊಡುತ್ತೇವೆ, ಪಾಸ್‌ವರ್ಡ್ ಕಳಿಸಿ’ ಎಂಬ ಮೂರು ಮಾತುಗಳಲ್ಲಿ ಒಂದು ಬಂದರೂ ಕರೆ ಕಡಿಯಬಹುದು. ಸಿಇಟಿ ಸೀಟನ್ನು ಯಂತ್ರ ಹಂಚುತ್ತದೆ, ಅದಕ್ಕೆ ಮುಂಗಡ ಎನ್ನುವುದಿಲ್ಲ. ಮ್ಯಾನೇಜ್‌ಮೆಂಟ್ ಸೀಟು ಬೇಕೇಬೇಕೆಂದಿದ್ದರೆ ಕಾಲೇಜಿನ ಪ್ರವೇಶ ವಿಭಾಗಕ್ಕೆ ನೇರವಾಗಿ ಹೋಗಬೇಕು. ಕಾಲೇಜಿನ ಗೇಟಿನ ಹೊರಗೆ ಕಾಫಿ ಕುಡಿಸುವವರ ಕೈಗೆ ನಗದು ಕೊಡಬಾರದು.

## ಎರಡನೇ ಸುತ್ತಿನ ನಂತರವೂ ಸೀಟು ಸಿಗದಿದ್ದರೆ

ಉಳಿದ ಸೀಟುಗಳಿಗಾಗಿ ಕೆಇಎ ವಿಸ್ತರಿತ ಅಥವಾ ವಿಶೇಷ ಸುತ್ತು ನಡೆಸಿದರೆ ಅದರ ಪ್ರಕಟಣೆಯನ್ನು ಹೊಸದಾಗಿ ಓದಬೇಕು. ಭಾಗವಹಿಸಲು ಯಾರು ಅರ್ಹರು, ಸಿಕ್ಕ ಸೀಟನ್ನು ಬಿಟ್ಟರೆ ಏನು ದಂಡ ಎಂಬುದು ಹಿಂದಿನ ಸುತ್ತುಗಳಂತೆಯೇ ಇರುತ್ತದೆ ಎಂದು ಊಹಿಸಬಾರದು. ಈ ಸುತ್ತುಗಳಲ್ಲಿ ಸೀಟು ಸಿಕ್ಕಿದರೆ ಸೇರುತ್ತೇನೆ ಎಂಬ ಖಚಿತತೆ ಇರುವ ಆಪ್ಷನ್‌ಗಳನ್ನು ಮಾತ್ರ ಇಡಬೇಕು.

ಅಷ್ಟರಲ್ಲಿ ಪದವಿ ಕಾಲೇಜುಗಳ ಬಿಎಸ್ಸಿ, ಬಿಸಿಎ ಪ್ರವೇಶಗಳು ಮುಗಿಯುತ್ತ ಬಂದಿರುತ್ತವೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಏನೂ ಸಿಗದವರು ಹತ್ತಿರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಒಂದು ಸೀಟು ಹಿಡಿದಿಟ್ಟುಕೊಳ್ಳುವುದು ಜಾಣತನ, ಅಲ್ಲಿನ ಶುಲ್ಕವೂ ಹೊರೆಯಾಗುವಷ್ಟಿಲ್ಲ. ಡಿಪ್ಲೊಮಾ ಸೇರಿದವರಿಗೆ ಮುಂದೆ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಮೂಲಕ ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಪ್ರವೇಶ ಪಡೆಯುವ ದಾರಿಯೂ ಇದೆ.

ಪದವಿ ಕಾಲೇಜಿಗೆ ಸೇರುವಾಗ ಪಿಯು ವರ್ಗಾವಣೆ ಪತ್ರವನ್ನು ಅಲ್ಲಿಗೆ ಕೊಟ್ಟಿರುತ್ತೀರಿ. ಮುಂದಿನ ಸುತ್ತಿನಲ್ಲಿ ಎಂಜಿನಿಯರಿಂಗ್ ಸೀಟು ಬಂದರೆ ಅದನ್ನು ಬಿಡಿಸಿಕೊಳ್ಳಲು ಎರಡು ಮೂರು ದಿನ ಹಿಡಿಯಬಹುದು, ಎಂಜಿನಿಯರಿಂಗ್ ಕಾಲೇಜಿಗೆ ಹಾಜರಾಗುವ ಗಡುವೂ ಅಷ್ಟೇ ಇರಬಹುದು. ಫಲಿತಾಂಶ ಕಂಡ ದಿನವೇ ಪದವಿ ಕಾಲೇಜಿನ ಕಚೇರಿಗೆ ಅರ್ಜಿ ಕೊಟ್ಟು, ಪ್ರವೇಶ ಆದೇಶದ ಜೆರಾಕ್ಸ್ ಲಗತ್ತಿಸಿ, ಪತ್ರ ಯಾವಾಗ ಸಿಗುತ್ತದೆ ಎಂದು ಗುಮಾಸ್ತರನ್ನು ಕೇಳಿ ಬರೆಸಿಕೊಂಡು ಬರಬೇಕು.